ಟಕ್ ಎನ್ನುವ ಆ ಸದ್ದು

ಉತ್ತರಹಳ್ಳಿಯಿಂದ ತುರಹಳ್ಳಿ ಕಾಡಿನತ್ತ ಬೆಳಗಿನ ಜಾವ ಸೈಕಲ್ ಹೊರಟರೆ ಮೊದಲು ಕಿವಿಗೆ ಬೀಳುವುದು ಹಕ್ಕಿಯ ದನಿಯಲ್ಲ, ಶೂ ಅಡಿಯ ಕ್ಲೀಟ್ ಪೆಡಲನ್ನು ಕಚ್ಚುವ 'ಟಕ್'. ಹೀಗೆ ಕಚ್ಚಿಕೊಳ್ಳುವುದಕ್ಕೆ 'ಕ್ಲಿಪ್‌ಲೆಸ್' ಎಂಬ ಹೆಸರು ಬೇರೆ! 'ಕ್ಲಿಪ್' ಎನ್ನುತ್ತಿದ್ದ ಕಾಲ್ಬೆರಳಿನ ಹಳೆಯ ಪಂಜರ, ಪಟ್ಟಿ ಹೋದವಲ್ಲ, ಅದಕ್ಕೆ. ಸ್ಕೀಗೆ ಬೂಟು ಬಿಗಿಯುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ತಂದಿತು. ಮರುವರ್ಷ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು.

ನನ್ನ ಮೆಚ್ಚುಗೆ ಮಾತ್ರ ಶಿಮಾನೊ ಕಂಪನಿಯ ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟಿಗೆ. ಪುಟ್ಟ ಉಕ್ಕಿನ ತುಂಡು; ಅಟ್ಟೆಯ ಗುಳಿಯೊಳಗೆ ಅಡಗಿರುತ್ತದೆ, ಹಾಗಾಗಿ ಇಳಿದು ಇಡ್ಲಿ ತಿನ್ನಲು ಆರಾಮಾಗಿ ನಡೆಯಬಹುದು. ಕೂರಿಸಲು ಬೇಕಾದದ್ದು 4 ಮಿ.ಮೀ. ಆಲನ್ ಕೀ, ಬೋಲ್ಟಿಗೆ ತುಸು ಗ್ರೀಸು, ಬಹಳ ತಾಳ್ಮೆ. ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಅಚ್ಚಿನ ನೇರಕ್ಕೆ ಬರಬೇಕು. ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಅವರವರ ಕಾಲಿಗೆ ಬಿಟ್ಟದ್ದು. ಕೋನ ತಪ್ಪಿದರೆ ಮಂಡಿಯೇ ದೂರು ಕೊಡುತ್ತದೆ.

ಕಿರ್ ಕಿರ್ ಸದ್ದೇ? ಮೊದಲು ಮಣ್ಣು ಕೆರೆದು ನೋಡಿ. ಒಂದು ಬೋಲ್ಟ್ ಸಡಿಲಾದರೆ ಆಟವೇ ಬೇರೆ: ಹಿಮ್ಮಡಿ ಹೊರಕ್ಕೆ ತಿರುಗಿಸಿದರೂ ಕ್ಲೀಟ್ ಅಲ್ಲೇ ಸುತ್ತುತ್ತದೆ, ಕಾಲು ಬಿಡಿಸಿಕೊಳ್ಳುವುದಿಲ್ಲ. ಒಮ್ಮೆ ಸಿಗ್ನಲ್‌ನಲ್ಲಿ ನಾನು ನಿಂತಲ್ಲೇ ಮರದ ದಿಮ್ಮಿಯಂತೆ ಉರುಳಿದ್ದು ಹೀಗೆಯೇ. ಆಟೋದವರೊಬ್ಬರು ನಗು ತಡೆದುಕೊಂಡೇ ಎತ್ತಿದರು.

ಹೊಸಬರೇ, ಪೆಡಲಿನ ಹಿಡಿತದ ಸ್ಕ್ರೂ ಪೂರಾ ಸಡಿಲಿಸಿ, ಮನೆಯ ಗೋಡೆ ಹಿಡಿದು ಐವತ್ತು ಸಲ ಕಾಲು ಹಾಕಿ ತೆಗೆಯಿರಿ. ರಸ್ತೆಗೆ ಆಮೇಲೆ ಬನ್ನಿ.