ಮನೆಯ ಶಾಲೆಗೆ ಬಾಗಿಲು ಬೇಡವೇ?

‘ಮಗುವನ್ನು ಶಾಲೆಗೆ ಕಳಿಸುತ್ತಿಲ್ಲ, ಮನೆಯಲ್ಲೇ ಕಲಿಸುತ್ತಿದ್ದೇವೆ’ ಎಂದು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಯಾವುದೇ ಓಣಿಯಲ್ಲಿ ಯಾರಾದರೂ ಹೇಳಿದರೆ ಕೇಳಿದವರು ಮೊದಲು ಕೇಳುವ ಪ್ರಶ್ನೆ, ‘ಯಾಕ್ರಿ, ಕೂಸಿಗೆ ಏನಾಗೇತಿ?’ ಎಂಬುದು. ನಮ್ಮ ಕಡೆ ಶಾಲೆಗೆ ಹೋಗದ ಮಗು ಎಂದರೆ ಕಾಯಿಲೆಯ ಮಗು, ಇಲ್ಲವೇ ಕೆಲಸಕ್ಕೆ ಹಚ್ಚಿದ ಮಗು. ಮೂರನೆಯ ಅರ್ಥವೊಂದು ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಆದರೆ ಆ ಮೂರನೆಯ ಅರ್ಥ ಇಂದು ಜಗತ್ತಿನಲ್ಲಿ ದೊಡ್ಡದಾಗಿ ಬೆಳೆದಿದೆ. ಅಮೆರಿಕದಲ್ಲಿ ಅದರ ಬೆನ್ನಿಗೆ ನಿಂತವರಲ್ಲಿ ಬಹುಪಾಲು ಧರ್ಮನಿಷ್ಠ ಕ್ರೈಸ್ತ ಕುಟುಂಬಗಳು. ಆ ವಾದವನ್ನು ನಮ್ಮ ನೆಲದ ಅನುಭವದ ಎದುರು ಇಟ್ಟು ನೋಡುವುದು ಈ ಬರಹದ ಉದ್ದೇಶ.

ವಾದದ ತಿರುಳು ಇಷ್ಟು. ಮಗುವನ್ನು ದೇವರು ಒಪ್ಪಿಸಿರುವುದು ತಂದೆತಾಯಿಗೆ, ಸರಕಾರಕ್ಕಲ್ಲ. ಆದ್ದರಿಂದ ಏನು ಕಲಿಸಬೇಕು, ಯಾವಾಗ ಕಲಿಸಬೇಕು ಎಂಬುದನ್ನು ನಿರ್ಧರಿಸಬೇಕಾದವರೂ ಅವರೇ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ 1886ರಲ್ಲಿ ಪ್ರಕಟಿಸಿದ ‘ಹೋಮ್ ಎಜುಕೇಶನ್’ ಕೃತಿ ಎಳೆಯ ಮಕ್ಕಳಿಗೆ ಬಯಲು, ಮರಗಿಡ, ಒಳ್ಳೆಯ ಪುಸ್ತಕ ಮತ್ತು ಒಳ್ಳೆಯ ಅಭ್ಯಾಸ ಬೇಕೆಂದಿತು. ರೇಮಂಡ್ ಮತ್ತು ಡೊರೊಥಿ ಮೂರ್ ದಂಪತಿ 1975ರಲ್ಲಿ ‘ಬೆಟರ್ ಲೇಟ್ ದ್ಯಾನ್ ಅರ್ಲಿ’ ಬರೆದು, ಎಂಟು ಹತ್ತು ವರ್ಷದವರೆಗೆ ಮಗುವನ್ನು ಬೆಂಚಿನ ಮೇಲೆ ಕೂರಿಸುವ ಆತುರ ಬೇಡವೆಂದರು. 1983ರಲ್ಲಿ ಇಂಥ ಕುಟುಂಬಗಳ ಪರ ವಾದಿಸಲು ವಕೀಲರ ಸಂಘವೇ ಹುಟ್ಟಿತು. ಹತ್ತು ವರ್ಷಗಳಲ್ಲಿ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಮನೆಪಾಠ ಕಾನೂನುಬದ್ಧವಾಯಿತು.

ಇದನ್ನೆಲ್ಲ ಮತಾಂಧತೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೂರು ವರ್ಷದ ಮಗುವಿಗೆ ಟೈ ಕಟ್ಟಿ, ಬೆಳಗಿನ ಏಳಕ್ಕೆ ವ್ಯಾನಿಗೆ ತುಂಬಿ, ಎಲ್‌ಕೆಜಿಯಲ್ಲಿ ಹೋಂವರ್ಕ್ ಬರೆಸುವ ನಮ್ಮ ತಾಲೂಕು ಕೇಂದ್ರಗಳ ‘ಕಾನ್ವೆಂಟು’ಗಳನ್ನು ಕಂಡವರಿಗೆ ಮೂರ್ ದಂಪತಿಯ ಮಾತಿನಲ್ಲಿ ಸತ್ಯಾಂಶ ಕಾಣದೇ ಇರದು. ಇನ್ನು ಮನೆಯಲ್ಲಿ ಅಕ್ಷರ ಮತ್ತು ನಂಬಿಕೆಯನ್ನು ಒಟ್ಟಿಗೆ ಕೊಡುವುದು ನಮಗೇನೂ ಹೊಸದಲ್ಲ. ಕ್ರೈಸ್ತ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಕನ್ನಡ ಬೈಬಲ್ಲಿನ ವಚನಗಳನ್ನು ಓದುತ್ತ ಓದು ಕಲಿತ ಮಕ್ಕಳಿದ್ದಾರೆ. ಮುಸ್ಲಿಂ ಮನೆಗಳಲ್ಲಿ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದ ಮಗುವಿಗೆ ಬಿಸ್ಮಿಲ್ಲಾ ಹೇಳಿಸಿ ಅಕ್ಷರ ಆರಂಭಿಸುವ ವಾಡಿಕೆ ಇದೆ. ಪ್ರಶ್ನೆ ಇರುವುದು ಮನೆಯಲ್ಲಿ ಕಲಿಸಬೇಕೇ ಬೇಡವೇ ಎಂಬುದರಲ್ಲಲ್ಲ. ಮನೆಯಲ್ಲಿ ಮಾತ್ರ ಕಲಿಸಿದರೆ ಏನಾಗುತ್ತದೆ ಎಂಬುದರಲ್ಲಿ.

ಗಂಗಾಮೂಲದ ಪಾಠ

ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿಯ ಬದುಕು ಸಾಕು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರು ಹುಟ್ಟಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜಾತಿಯವರ ವಿರೋಧ ಕಟ್ಟಿಕೊಂಡವರು. ಹೆಣ್ಣಿಗೆ ಓದು ನಿಷಿದ್ಧವಲ್ಲವೆಂದು ಶಾಸ್ತ್ರದ ಆಧಾರ ಕೊಟ್ಟು ವಾದಿಸಿದವರು. ಆ ತಾಯಿಯೇ ಮಗಳಿಗೆ ಗುರು. ಶಾಲೆಯ ಮುಖ ಕಾಣದ ಆ ಹುಡುಗಿಗೆ 1878ರಲ್ಲಿ ಕಲಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮನೆಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಎಲ್ಲಿ ಸಿಕ್ಕೀತು?

ಆದರೆ ಆ ಮನೆಯ ಬಗ್ಗೆ ರಮಾಬಾಯಿಯೇ 1907ರ ತಮ್ಮ ಆತ್ಮನಿವೇದನೆಯಲ್ಲಿ ಬರೆದದ್ದನ್ನು ಓದಬೇಕು. ತಾಯಿಯ ಬಗ್ಗೆ ಅವರಿಗೆ ಇರುವುದು ಅಪಾರ ಕೃತಜ್ಞತೆ. ಜೊತೆಗೇ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತಾರೆ. ಮಕ್ಕಳು ಹೊರಗಿನವರೊಂದಿಗೆ ಬೆರೆಯುವುದು ತಂದೆತಾಯಿಗೆ ಬೇಡವಾಗಿತ್ತು. ಸಂಸ್ಕೃತ ಬಿಟ್ಟು ಬೇರೆ ಭಾಷೆಯ ಓದು, ಲೌಕಿಕ ವಿದ್ಯೆ, ಎಲ್ಲವೂ ಧರ್ಮದಿಂದ ದೂರ ಒಯ್ಯುವ ದಾರಿ ಎಂದು ಅವರ ನಂಬಿಕೆ. 1870ರ ದಶಕದಲ್ಲಿ ಬರಗಾಲ ಬಂದಾಗ ಈ ವಿದ್ವತ್ತು ಹೊಟ್ಟೆಗೆ ಆಗಲಿಲ್ಲ. ದುಡಿದು ತಿನ್ನುವ ಒಂದು ಕೆಲಸವೂ ಗೊತ್ತಿರಲಿಲ್ಲ, ಬೇಡಲು ಅಭಿಮಾನ ಬಿಡಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು.

ಕ್ರೈಸ್ತ ಸಾಕ್ಷಿಯಾಗಿ ಬರೆದ ಪುಸ್ತಕವಾದ್ದರಿಂದ ಹಿಂದಿನ ಬದುಕನ್ನು ಕತ್ತಲೆಯಾಗಿ ತೋರಿಸುವ ಒಲವು ಅದರಲ್ಲಿದೆ ಎಂದು ವಿಮರ್ಶಕರು ಹೇಳಬಹುದು. ಆ ಮಾತು ಸುಳ್ಳಲ್ಲ. ಆದರೆ ಹಸಿವಿನ ಪುಟಗಳಲ್ಲಿ ಧರ್ಮಪ್ರಚಾರಕ್ಕಿಂತ ಮಗಳ ಸಂಕಟವೇ ದೊಡ್ಡದು. ಒಳ್ಳೆಯ ಮನಸ್ಸಿನ, ಪ್ರೀತಿಯ, ವಿದ್ಯಾವಂತ ತಂದೆತಾಯಿ ಕೂಡ ಮಗುವಿಗೆ ಎಲ್ಲವನ್ನೂ ಕೊಡಲಾರರು ಎಂಬ ಸತ್ಯ ಅಲ್ಲಿದೆ.

ತಾಯಿ ಮತ್ತು ಮಠ

ಮುಂದಿನ ಅಧ್ಯಾಯ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1883ರಲ್ಲಿ ರಮಾಬಾಯಿ ಎರಡು ವರ್ಷದ ಮಗಳು ಮನೋರಮಾಳೊಂದಿಗೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ತಾಯಿ ಚೆಲ್ಟನಮ್‌ನಲ್ಲಿ ಓದಲು ಹೋದಾಗ ಮಗು ಸನ್ಯಾಸಿನಿಯರ ಬಳಿ ಉಳಿಯಿತು. ಆಗ ಹುಟ್ಟಿಕೊಂಡದ್ದು ಒಂದು ವಿಚಿತ್ರ ವಿವಾದ: ನಾಲ್ಕು ವರ್ಷದ ಈ ಕ್ರೈಸ್ತ ಮಗುವಿಗೆ ಧರ್ಮ ಕಲಿಸುವವರು ಯಾರು? ತ್ರಿಮೂರ್ತಿತ್ವದಂಥ ತತ್ತ್ವಗಳನ್ನು ತಾಯಿ ಇನ್ನೂ ಒಪ್ಪಿರಲಿಲ್ಲ. ತಾನು ಒಪ್ಪದ್ದನ್ನು ತನ್ನ ಮಗಳಿಗೆ ಕಲಿಸಬಾರದೆಂದು ಆಕೆಯ ಹಟ. ದೀಕ್ಷೆ ಪಡೆದ ಮಗುವಿನ ಹೊಣೆ ಚರ್ಚಿನದೂ ಹೌದು ಎಂಬುದು ಸನ್ಯಾಸಿನಿಯರ ನಿಲುವು. ಸಿಸ್ಟರ್ ಜೆರಾಲ್ಡಿನ್ ಜೋಪಾನ ಮಾಡಿದ ಆ ಪತ್ರಗಳು 1977ರಲ್ಲಿ ಎ.ಬಿ. ಶಾ ಅವರ ಸಂಪಾದಕತ್ವದಲ್ಲಿ ಪುಸ್ತಕವಾಗಿ ಬಂದಿವೆ.

ಪತ್ರಗಳನ್ನು ಓದುವಾಗ ನಮ್ಮ ಒಲವು ತಾಯಿಯ ಕಡೆಗೇ ಹರಿಯುತ್ತದೆ. ಮಗಳು ತನ್ನ ದೇಶದವರನ್ನು ಕೀಳಾಗಿ ಕಾಣುವವಳಾಗಬಾರದು, ಭಾರತದ ಮಗಳೆಂದು ಹೇಳಿಕೊಳ್ಳಲು ನಾಚಬಾರದು ಎಂಬ ಆಕೆಯ ಕಾಳಜಿ ಇಂದಿನ ಎಷ್ಟೋ ಇಂಗ್ಲಿಷ್ ಮಾಧ್ಯಮದ ತಾಯಂದಿರಿಗೆ ಬರದ ಕಾಳಜಿ. ಅಧಿಕಾರ ಇರುವ ಸಂಸ್ಥೆಯ ಎದುರು ಒಬ್ಬಂಟಿ ವಿಧವೆ ‘ಇವಳು ನನ್ನ ಮಗು’ ಎಂದು ನಿಂತದ್ದು ಸಣ್ಣ ಮಾತಲ್ಲ. ಮನೆಪಾಠದ ಪರ ವಾದಿಸುವವರ ಗಟ್ಟಿ ನೆಲೆ ಇದೇ. ಅದನ್ನು ಗೌರವಿಸಬೇಕು.

ಆದರೆ ರಮಾಬಾಯಿ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. ತಮಗೆ ಬಾಲ್ಯದಲ್ಲಿ ಸಿಗದಿದ್ದುದನ್ನು ಅವರು ಮಗಳಿಗೆ ಕೊಟ್ಟರು. ಮನೋರಮಾ ಶಾಲೆ ಕಾಲೇಜುಗಳಲ್ಲಿ ಓದಿದಳು. ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ರಮಾಬಾಯಿ ಅಕ್ಷರದೊಂದಿಗೆ ಮಗ್ಗ, ಮುದ್ರಣ, ಒಕ್ಕಲುತನ ಕಲಿಸಿದ್ದರ ಹಿಂದೆ ಆ ಬರಗಾಲದ ನೆನಪು ಇದ್ದಿರಲೇಬೇಕು. 1912ರಲ್ಲಿ ತಾಯಿ ಮಗಳು ಸೇರಿ ಗುಲ್ಬರ್ಗದಲ್ಲಿ ಕ್ರೈಸ್ತ ಪ್ರೌಢಶಾಲೆ ತೆರೆದರು. ಮನೆಯಲ್ಲೇ ಕಲಿತ ಹೆಣ್ಣುಮಗಳು ಕೊನೆಗೆ ಕಟ್ಟಿದ್ದು ಊರಿನ ಮಕ್ಕಳಿಗೊಂದು ಶಾಲೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ನಮ್ಮ ಬಳಿಯೇ ಇದೆ. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಪಾದ್ರಿಗಳು ಇಲ್ಲಿಯ ಮಕ್ಕಳಿಗೆ ಶಾಲೆ ತೆರೆದರು. ತಮ್ಮ ಮಕ್ಕಳನ್ನು ಮಾತ್ರ ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಮಲಬಾರಿನಲ್ಲಿದ್ದ ಇದೇ ಮಿಷನ್ನಿನ ಹೆರ್ಮನ್ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಶಾಲೆಗೆ ಹೋಗುವ ವಯಸ್ಸಿಗೂ ಮುನ್ನ ಯುರೋಪಿನಲ್ಲಿ ಬಿಡಲ್ಪಟ್ಟು, 1857ರಲ್ಲಿ ಹದಿನೈದರ ಹುಡುಗಿಯಾಗಿ ತಂದೆತಾಯಿಯ ಬಳಿಗೆ ಮರಳಿದಳು. ಮುಂದೆ ಸಾಹಿತಿ ಹೆರ್ಮನ್ ಹೆಸ್ಸೆಯ ತಾಯಿಯಾದವಳು ಈಕೆಯೇ. ಶಾಲೆ ಸಿಕ್ಕಿತು, ಮನೆ ತಪ್ಪಿತು. ಎರಡರಲ್ಲಿ ಒಂದನ್ನೇ ಕೊಡುವ ಏರ್ಪಾಡು ಯಾವುದಾದರೂ ಮಗುವಿಗೆ ಅನ್ಯಾಯವೇ.

ಶಿಶುನಾಳದ ಹುಡುಗ

ಎರಡನ್ನೂ ಕೊಟ್ಟ ನೆಲವೊಂದಿದ್ದರೆ ಅದು ಶಿಗ್ಗಾವಿ ತಾಲೂಕಿನ ಶಿಶುನಾಳ. 1819ರಲ್ಲಿ ಹುಟ್ಟಿದ ಶರೀಫರಿಗೆ ತಂದೆ ಇಮಾಮ್ ಸಾಹೇಬರೇ ಮೊದಲ ಗುರು. ಅವರಾದರೋ ಹುಲಗೂರಿನ ಖಾದರ ಷಾವಲಿ ಪರಂಪರೆಯ ಭಕ್ತರು, ಮಗನಿಗೆ ರಾಮಾಯಣ, ಭಾರತ, ಶರಣರ ಕತೆಗಳನ್ನೂ ಹೇಳಿದವರು. ಹುಡುಗ ಊರಿನ ಮಠದಲ್ಲಿ ಓದಿದ, ಮುಲ್ಕಿ ಪರೀಕ್ಷೆ ಪಾಸಾದ, ಕೆಲಕಾಲ ಮಾಸ್ತರಿಕೆ ಮಾಡಿದ. ಕಳಸದ ಗೋವಿಂದ ಭಟ್ಟರು ಇನ್ನೊಬ್ಬರ ಮಗನಿಗೆ ತಮ್ಮ ಮನೆಯ ಬಾಗಿಲು ತೆರೆದರು. ಮನೆ, ಮಠ, ಗುರುವಿನ ಮನೆ, ಮೂರೂ ಒಂದರ ಮುಂದೊಂದು ಬಂದವು. ಇಮಾಮ್ ಸಾಹೇಬರು ಮಗನನ್ನು ತಮ್ಮ ಹೊಸ್ತಿಲೊಳಗೇ ಇಟ್ಟುಕೊಂಡಿದ್ದರೆ ಕನ್ನಡಕ್ಕೆ ಶರೀಫರು ಸಿಗುತ್ತಿರಲಿಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಓದಿದ್ದೂ ನವಾಬರ ಹೆಸರಿನ ಮಜೀದ್ ಶಾಲೆಯಲ್ಲಿ. ಬೇರೆ ಬೇರೆ ಮನೆಯ ಮಕ್ಕಳು ಒಂದೇ ಹಲಗೆಯ ಮೇಲೆ ಕೂತು ಕಲಿತದ್ದೇ ಈ ಭಾಗದ ಸಂಸ್ಕೃತಿಯ ಬೇರು.

ಅಮೆರಿಕದ ವಾದ ಸೋಲುವುದು ಇಲ್ಲಿ. ಅದು ತಂದೆತಾಯಿಯ ಹಕ್ಕನ್ನು ಎತ್ತಿ ಹಿಡಿದಷ್ಟು ಮಗುವಿನ ಹಕ್ಕನ್ನು ಹಿಡಿಯಲಿಲ್ಲ. 1972ರ ಯೋಡರ್ ಪ್ರಕರಣದಲ್ಲಿ ಆಮಿಷ್ ಪಂಗಡದ ಹೆತ್ತವರಿಗೆ ಎಂಟನೆಯ ತರಗತಿಯ ನಂತರ ಮಕ್ಕಳನ್ನು ಬಿಡಿಸಿಕೊಳ್ಳಲು ಸುಪ್ರೀಂ ಕೋರ್ಟು ಅನುಮತಿ ಕೊಟ್ಟಾಗ, ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಮಾತ್ರ ‘ಮಕ್ಕಳನ್ನು ಕೇಳಿದಿರಾ?’ ಎಂಬರ್ಥದ ಭಿನ್ನಮತ ಬರೆದರು. ಅಮೆರಿಕದ ಇಡಾಹೋದಲ್ಲಿ ಶಾಲೆ ಕಾಣದೆ ಬೆಳೆದು, ಹದಿನೇಳರಲ್ಲಿ ಮೊದಲ ಬಾರಿ ತರಗತಿಗೆ ಕಾಲಿಟ್ಟ ತಾರಾ ವೆಸ್ಟೋವರ್ 2018ರಲ್ಲಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದೂ ಕೇಳದೇ ಉಳಿದ ಮಗುವಿನ ಮಾತನ್ನೇ. ಮನೆಪಾಠದಲ್ಲಿ ಬೆಳೆದವರೇ ಸೇರಿ 2013ರಲ್ಲಿ ಅದಕ್ಕೆ ಕಟ್ಟುಪಾಡು ಬೇಕೆಂದು ಸಂಘ ಕಟ್ಟಿದರು.

ಯಾರ ಮನೆ, ಯಾವ ಶಾಲೆ?

ನಮ್ಮ ಕಾನೂನು ಈ ವಿಷಯದಲ್ಲಿ ಅರೆಬಾಗಿಲು ಹಾಕಿದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಮು 6ರಿಂದ 14ರ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆ ಏನೆಂದು ಹೇಳುವುದಿಲ್ಲ. ಮನೆಯಲ್ಲಿ ಕಲಿತವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಓದಿದ ತಾಯಿ, ಪುಸ್ತಕದ ಕಪಾಟು, ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರ, ಇವು ಇರುವಲ್ಲಿ ಈ ದಾರಿ ನಡೆದೀತು.

ಆದರೆ ಹಿರೇಕೆರೂರಿನ ಹೊಲದಲ್ಲಿ ದಿನಗೂಲಿಗೆ ಹೋಗುವ ತಾಯಿಗೆ ‘ಮನೆಯಲ್ಲೇ ಕಲಿಸಿ’ ಎಂದರೆ ಅದರ ಅರ್ಥವೇನು? ಅಲ್ಲಿ ಮನೆಯಲ್ಲಿ ಉಳಿದ ಮಗು ತಮ್ಮನನ್ನು ಎತ್ತಿಕೊಳ್ಳುತ್ತದೆ, ನೀರು ತರುತ್ತದೆ, ಸ್ವಲ್ಪ ದೊಡ್ಡದಾದರೆ ಹೈಬ್ರಿಡ್ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತದೆ. ಅದು ಹೆಣ್ಣಾದರೆ ಮರಳಿ ಶಾಲೆಗೆ ಹೋಗುವುದೇ ಇಲ್ಲ. 2006ರ ಸಾಚಾರ್ ವರದಿ 6ರಿಂದ 14ರ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೇ ಹೋಗಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದಿತ್ತು. ಅವರೆಲ್ಲ ಮನೆಯಲ್ಲೇ ಇದ್ದರು. ಅದನ್ನು ಯಾರೂ ಮನೆಪಾಠ ಎನ್ನಲಿಲ್ಲ.

ಅಲ್ಪಸಂಖ್ಯಾತ ಪಾಲಕರ ಮನಸ್ಸಿನೊಳಗಿನ ಅಂಜಿಕೆ ನಮಗೆ ಅರ್ಥವಾಗದ್ದೇನಲ್ಲ. ಶಾಲೆಯಲ್ಲಿ ಮಗುವಿನ ಹೆಸರು, ಊಟ, ಉಡುಪು ಗೇಲಿಗೆ ಗುರಿಯಾದಾಗ ಮನೆಯೇ ಲೇಸು ಎನಿಸುತ್ತದೆ. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ನಂತರ ಶಿರವಸ್ತ್ರ ತೊಡುವ ಎಷ್ಟೋ ಹುಡುಗಿಯರು ತರಗತಿಯಿಂದ ಹೊರಗುಳಿದದ್ದನ್ನು ನಾಡು ಕಂಡಿದೆ. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಶಾಲೆ ತನ್ನ ಬಾಗಿಲನ್ನು ತಾನೇ ಕಿರಿದು ಮಾಡಿಕೊಂಡರೆ ಮನೆಯ ಬಾಗಿಲು ಮುಚ್ಚುವುದು ಸಹಜ. ಹಾಗಾಗಿ ದೂರು ಪಾಲಕರ ಮೇಲೆ ಮಾತ್ರ ಹೊರಿಸುವಂತಿಲ್ಲ. ಕ್ರೈಸ್ತ ಮಗು, ಮುಸ್ಲಿಂ ಮಗು, ದಲಿತ ಮಗು ತನ್ನ ಮನೆಯ ನಂಬಿಕೆಯನ್ನು ಗೇಟಿನ ಹೊರಗೆ ಕಳಚಿಟ್ಟು ಬರಬೇಕಾದ ಶಾಲೆ ಊರಿನ ಶಾಲೆಯಾಗದು.

ಆದರೂ ಪಾಲಕರಿಗೆ ಹೇಳಬೇಕಾದ ಮಾತೊಂದಿದೆ. ಅನಂತ ಶಾಸ್ತ್ರಿಗಳು ಲೋಕಕ್ಕೆ ಅಂಜಿಯೇ ಮಕ್ಕಳನ್ನು ಹೊರಗಿನವರಿಂದ ದೂರವಿಟ್ಟು ಬೆಳೆಸಿದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಲೋಕ ಮಾತ್ರ ಬರಗಾಲದ ರೂಪದಲ್ಲಿ ಅವರನ್ನು ಹುಡುಕಿಕೊಂಡು ಬಂತು. ಪ್ರಾರ್ಥನೆ, ಭಾಷೆ, ನಡತೆಯನ್ನು ಮನೆ ಕಲಿಸಲಿ, ಆ ಕೆಲಸವನ್ನು ಯಾವ ಶಾಲೆಯೂ ಮಾಡಲಾರದು. ಎಳೆಯ ಮಗುವನ್ನು ಇನ್ನೆರಡು ವರ್ಷ ಆಡಲು ಬಿಟ್ಟರೂ ನಷ್ಟವಿಲ್ಲ. ಆದರೆ ಪಕ್ಕದ ಮನೆಯ ಮಗುವಿನ ಜೊತೆ ಬುತ್ತಿ ಹಂಚಿ ತಿನ್ನುವುದನ್ನು, ತನ್ನದಲ್ಲದ ಹಾಡಿಗೂ ಕಿವಿಗೊಡುವುದನ್ನು ಅದು ಹೊಸ್ತಿಲ ಹೊರಗೇ ಕಲಿಯಬೇಕು. ಇಮಾಮ್ ಸಾಹೇಬರು ಮಗನ ಕೈ ಬಿಟ್ಟದ್ದು ನಂಬಿಕೆ ಕಡಿಮೆಯಾಗಿ ಅಲ್ಲ, ನಂಬಿಕೆ ಇದ್ದುದರಿಂದಲೇ.