ಜೀಪಿನ ಒಳನೆಲಕ್ಕೆ ಲೈನರ್: ಇಳಕಲ್–ಬಾದಾಮಿ ಸೀಮೆಯ ಲೆಕ್ಕ

ಪಿಕಪ್ ಗಾಡಿಯ ಹಿಂದಿನ ತೊಟ್ಟಿಯನ್ನು ಕಾಪಾಡಲೆಂದು ಬಂದ ಸ್ಪ್ರೇ ಲೈನರ್ ಈಗ ಜೀಪು, ಥಾರ್, ಬೊಲೆರೊ ಕ್ಯಾಂಪರ್‌ಗಳ ಒಳನೆಲಕ್ಕೂ ಬಂದಿದೆ. ಸೀಟು, ಕಾರ್ಪೆಟ್ಟು ತೆಗೆದು, ತಗಡನ್ನು ಉಜ್ಜಿ, ಅದರ ಮೇಲೆ ಪಾಲಿಯುರೆಥೇನ್ ಅಥವಾ ಪಾಲಿಯೂರಿಯಾ ಹೊಡೆದರೆ ರಬ್ಬರಿನಂತೆ ಬಗ್ಗುವ, ಒರಟು ಮೈಯ ಗಟ್ಟಿ ಪದರವೊಂದು ತಗಡಿಗೆ ಕಚ್ಚಿ ಕೂರುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಅದು ಹಾಕಿದ ದುಡ್ಡಿಗೆ ತಕ್ಕುದೇ ಎಂಬುದನ್ನು ಇಲ್ಲಿನ ಕಲ್ಲು, ಮಣ್ಣು, ಬಿಸಿಲೇ ಹೇಳಬೇಕು.

ಮೊದಲು ಕಲ್ಲು. ಇಳಕಲ್ ಸುತ್ತಲಿನ ಕ್ವಾರಿಗಳ ನಸುಗೆಂಪು ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್ ಖನಿಜಗಳದೇ ದೊಡ್ಡ ಪಾಲು. ಮೋಸ್ ಮಾಪಕದಲ್ಲಿ ಇವುಗಳ ಗಡಸುತನ ಕ್ರಮವಾಗಿ 6 ಮತ್ತು 7. ಗಾಡಿಯ ಉಕ್ಕಿನ ತಗಡು ಇವೆರಡಕ್ಕಿಂತಲೂ ಮೆದು, ಬಣ್ಣವಂತೂ ಇನ್ನೂ ಮೆದು. ಬಾದಾಮಿಯ ಮರಳುಗಲ್ಲಿನ ಪುಡಿಯೂ ಬಹುಪಾಲು ಕ್ವಾರ್ಟ್ಜೇ. ಚಪ್ಪಲಿಗೆ ಅಂಟಿ ಒಳಬಂದ ಈ ಪುಡಿ ರಬ್ಬರ್ ಮ್ಯಾಟಿನ ಕೆಳಗೆ ಸೇರಿಕೊಂಡರೆ, ಚಾಲಕನ ಹಿಮ್ಮಡಿ ಅಲುಗಿದಷ್ಟು ಸಲವೂ ಬಣ್ಣವನ್ನು ಮರಳು ಕಾಗದದಂತೆ ತೇಯುತ್ತದೆ. ಮ್ಯಾಟು ಕಾಪಾಡುತ್ತಿದೆ ಎಂದು ಮಾಲೀಕ ನಂಬಿರುವಾಗಲೇ ಕೆಳಗಿನ ತಗಡು ಬರಿದಾಗಿರುತ್ತದೆ. ಲೈನರ್ ತಗಡಿಗೆ ಅಂಟಿಯೇ ಇರುವುದರಿಂದ ನಡುವೆ ಪುಡಿ ನುಸುಳಲು ಜಾಗವಿಲ್ಲ. ಸುತ್ತಿಗೆ, ಉಳಿ, ಜಾಕು ಬಿದ್ದರೂ ಪದರ ಬಗ್ಗುತ್ತದೆಯೇ ಹೊರತು ಸುಲಭವಾಗಿ ಚಕ್ಕೆ ಏಳುವುದಿಲ್ಲ. ಕ್ವಾರಿ ಗಾಡಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಸಿಗುವುದು ಕಷ್ಟ.

ಎರೆ ಹೊಲದ ಗಾಡಿಯ ಮಾತು ಬೇರೆ. ಮಲಪ್ರಭಾ, ಘಟಪ್ರಭಾ ಬಯಲಿನ ಕಪ್ಪು ಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಹಿಡಿದ ತೇವವನ್ನು ಬೇಗ ಬಿಡುವುದಿಲ್ಲ. ಕರಾವಳಿಯ ಮಳೆಗೆ ಹೋಲಿಸಿದರೆ ಇಲ್ಲಿ ಬೀಳುವುದು ಅಲ್ಪವೇ, ಗಾಳಿಯಲ್ಲಿ ಉಪ್ಪೂ ಇಲ್ಲ. ಆದರೂ ಗಾಡಿಯ ನೆಲ ತುಕ್ಕು ಹಿಡಿಯುವುದುಂಟು. ಕಾರಣ ಕಾರ್ಪೆಟ್ಟಿನ ಅಡಿಯ ಫೆಲ್ಟು. ಅದರಲ್ಲಿ ಸೇರಿದ ಕೆಸರುನೀರು ಹೊರಗೆ ಬಿಸಿಲು ಸುಡುತ್ತಿದ್ದರೂ ವಾರಗಟ್ಟಲೆ ಒಣಗದೆ ಉಳಿಯಬಲ್ಲದು. ಲೈನರ್ ಹಾಕಿಸಿದವರು ಫೆಲ್ಟನ್ನು ಕಿತ್ತು ಹಾಕುತ್ತಾರಲ್ಲ, ನೆಲ ಉಳಿಯುವುದರಲ್ಲಿ ಅರ್ಧ ಶ್ರೇಯಸ್ಸು ಅದಕ್ಕೇ ಸಲ್ಲಬೇಕು.

ಲೈನರ್ ತುಕ್ಕನ್ನು ತಡೆಯುತ್ತದೆ, ಗುಣಪಡಿಸುವುದಿಲ್ಲ. ತುಕ್ಕು ಉಳಿದ ತಗಡಿನ ಮೇಲೆ ಹೊಡೆದ ಪದರ ಆ ತುಕ್ಕಿಗೆ ಮರೆಯಾಗಿ ನಿಲ್ಲುತ್ತದೆ, ಅಷ್ಟೆ. ಮೇಲೆ ಕಪ್ಪಗೆ ಹೊಸದಾಗಿ ಕಾಣುವ ನೆಲ ಕೆಳಗೆ ಪೊಳ್ಳಾಗುತ್ತಾ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ಅಂಥ ನೆರೆಯಲ್ಲಿ ನಿಂತ ಗಾಡಿಗಳ ತೊಂದರೆ ನೆಲದ ಮೇಲ್ಮೈಯದಲ್ಲ. ಹೊಸ್ತಿಲಿನ ಟೊಳ್ಳು ಪೆಟ್ಟಿಗೆಗಳಲ್ಲಿ ಕೂತ ಹೂಳಿನದು. ಅಲ್ಲಿಗೆ ಲೈನರ್ ತಲುಪುವುದೇ ಇಲ್ಲ. ಟೊಳ್ಳನ್ನು ತೊಳೆದು, ಒಣಗಿಸಿ, ಮೇಣದ ದ್ರಾವಣ ತುಂಬಿಸದೆ ಬರೀ ನೆಲಕ್ಕೆ ಲೈನರ್ ಹೊಡೆಸುವುದು ದುಡ್ಡು ಪೋಲು. ಹಳೆಯ ಗಾಡಿ ಕೊಳ್ಳುವವರು ಹೊಸ ಲೈನರ್ ಕಂಡರೆ ಅಡಿಗೆ ಮಲಗಿ ನೋಡುವುದು ಕ್ಷೇಮ.

ಹಾಗಾಗಿ ಹೊಡೆಯುವ ಕೆಲಸಕ್ಕಿಂತ ಅದರ ಹಿಂದಿನ ತಯಾರಿಯೇ ದೊಡ್ಡದು. ಎಣ್ಣೆ ಜಿಡ್ಡು ತೆಗೆಯಬೇಕು, ತುಕ್ಕನ್ನು ಬಿಳಿ ತಗಡು ಕಾಣುವ ತನಕ ಕೆರೆಯಬೇಕು, ಉಳಿದ ಬಣ್ಣವನ್ನು ಉಜ್ಜಿ ಮಂಕು ಮಾಡಬೇಕು, ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಕೊಡಬೇಕು. ಸೀಟು ಮತ್ತು ಸೀಟ್‌ಬೆಲ್ಟಿನ ಬೋಲ್ಟುಗಳ ಕಿಂಡಿ, ನೀರು ಇಳಿಯುವ ರಂಧ್ರ, ಅರ್ಥಿಂಗ್ ತಂತಿಯ ಜಾಗಗಳನ್ನು ಮುಚ್ಚಿಡಬೇಕು. ಹೊಳೆಯುವ ಬಣ್ಣದ ಮೇಲೆ ನೇರ ಹೊಡೆದ ಲೈನರ್ ಹಾಳೆಯಂತೆ ಎದ್ದು ಬರುತ್ತದೆ.

ಪಾಲಿಯೂರಿಯಾ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವುದರಿಂದ ಅದಕ್ಕೆ ಎರಡು ದ್ರವಗಳನ್ನು ಕಾಯಿಸಿ, ಭಾರಿ ಒತ್ತಡದಲ್ಲಿ ಗನ್ನಿನ ತುದಿಯಲ್ಲೇ ಬೆರೆಸುವ ಯಂತ್ರ ಬೇಕು. ಸಣ್ಣ ಊರಿನ ಗ್ಯಾರೇಜಿಗೆ ಒಗ್ಗುವುದು ಬಾಟಲಿಯಲ್ಲೇ ಗಟ್ಟಿಕಾರಕ ಬೆರೆಸಿ ಕಂಪ್ರೆಸರ್ ಗನ್ನಿನಿಂದ ಹೊಡೆಯುವ ಪಾಲಿಯುರೆಥೇನ್ ಕಿಟ್. ಇದರ ಪದರ ತೆಳು, ಆದರೆ ಒಳನೆಲಕ್ಕೆ ಸಾಕು. ಅಗ್ಗವೆಂದು ಗಾಡಿಯ ಅಡಿಗೆ ಹೊಡೆಯುವ ಡಾಂಬರು ಮಿಶ್ರಿತ ಕೋಟಿಂಗನ್ನೇ ಒಳಗೂ ಹೊಡೆಸುವುದು ಮಾತ್ರ ಶುದ್ಧ ತಪ್ಪು. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಬಾಗಿಲು ಮುಚ್ಚಿ ನಿಂತ ಗಾಡಿಯೊಳಗೆ ಅದು ಮೆತ್ತಗಾಗಿ ನಾರುತ್ತದೆ, ಕಾಲಿಗೆ ಅಂಟುತ್ತದೆ.

ಒಳ್ಳೆಯ ಲೈನರ್‌ಗೂ ಕುಂದುಗಳಿವೆ. ಫೆಲ್ಟು ಹೋದ ಮೇಲೆ ಎಂಜಿನ್ನು, ಸೈಲೆನ್ಸರ್‌ಗಳ ಕಾವೂ ರಸ್ತೆಯ ಸದ್ದೂ ಒಳಗೆ ಬರುತ್ತವೆ. ತೆಳು ಪದರ ಅವೆರಡನ್ನೂ ಹೆಚ್ಚೇನೂ ತಡೆಯದು. ಮೈ ತೀರ ಒರಟಾದರೆ ಕಲ್ಲುಪುಡಿ ಕಸಬರಿಗೆಗೆ ಬರುವುದಿಲ್ಲ, ನೇಕಾರರ ಸೀರೆಗಂಟು ಸಾಗಿಸುವ ಗಾಡಿಯಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಪೈಪು ಹಿಡಿದು ತೊಳೆಯಬಹುದೆಂಬ ಮಾತೂ ಪೂರ್ತಿ ನಿಜವಲ್ಲ: 2020ರ ಥಾರ್‌ನಲ್ಲಿ ತೊಳೆಯುವ ನೆಲ, ನೀರು ಬಿಡುವ ಬಿರಡೆಗಳು ಕಾರ್ಖಾನೆಯಿಂದಲೇ ಬಂದವು, ಬೇರೆ ಗಾಡಿಗಳಲ್ಲಿ ಸೀಟಿನಡಿಯ ತಂತಿಗಳಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ಮುಂದೆ ನೆಲಕ್ಕೆ ವೆಲ್ಡಿಂಗ್ ಬೇಕಾದರೆ ಅಷ್ಟು ಜಾಗದ ಲೈನರ್ ಪೂರ್ತಿ ಕೆರೆಯಲೇಬೇಕು. ಸುಟ್ಟರೆ ಏಳುವ ಹೊಗೆ ವಿಷ.

ಎಲ್ಲಕ್ಕಿಂತ ಗಂಭೀರವಾದದ್ದು ಹೊಡೆಯುವವನ ಉಸಿರು. ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಹನಿಗಳಾಗಿ ಹಾರಿ ಪುಪ್ಪುಸ ಸೇರಿದರೆ ಬಿಡದ ಅಸ್ತಮಾ ತರಬಲ್ಲದು. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಲೇಶಮಾತ್ರವೂ ಉಬ್ಬಸಕ್ಕೆ ಸಾಕು. ಗಾಡಿಯ ಒಳಗೆ ಬಗ್ಗಿ ಹೊಡೆಯುವಾಗ ಆ ಮಂಜು ಹೊರಹೋಗಲು ದಾರಿಯೇ ಇಲ್ಲ. ಕರವಸ್ತ್ರ, ಬಟ್ಟೆಯ ಮಾಸ್ಕು ಇದಕ್ಕೆ ಏನೂ ಅಲ್ಲ; ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖಗವಸು, ಕೈಗವಸು, ಮೈ ಮುಚ್ಚುವ ಅಂಗಿ ಬೇಕು. ಕ್ವಾರಿ ಮತ್ತು ಒರಟು ಕೆಲಸದ ಜೀಪಿಗೆ ಲೈನರ್ ಹಾಕಿಸುವುದು ಸರಿ, ಪೇಟೆಯಲ್ಲಿ ಓಡುವ ಹೊಸ ಗಾಡಿಗೆ ಬೇಕಿಲ್ಲ. ಕೆಲಸಗಾರನಿಗೆ ಆ ಮುಖಗವಸು ಕೊಡದ ಗ್ಯಾರೇಜಿನಲ್ಲಿ ಯಾವ ಗಾಡಿಗೂ ಹಾಕಿಸಬೇಡಿ.