ಬೋರ್ಡಿಗೆ ಮೊದಲ ಮಣೆ
ಕಲಬುರಗಿಯ ಶಹಾಬಜಾರದ ಮನೆಯಲ್ಲಿ ಕಡಿಮೆ ಖರ್ಚಿನ ಕಂಪ್ಯೂಟರ್ ಜೋಡಿಸುವವರು ಮನಸ್ಸಿಟ್ಟು ಆರಿಸಬೇಕಾದ್ದು ಪ್ರೊಸೆಸರನ್ನಲ್ಲ, ಮದರ್‌ಬೋರ್ಡನ್ನು. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಸಾಕ್ಷಿ: 2017ರ ರೈಸನ್ ಪ್ರೊಸೆಸರಿಗಾಗಿ ಕೊಂಡ ಎಷ್ಟೋ ಬೋರ್ಡುಗಳು, ಬಯಾಸ್ ನವೀಕರಿಸಿದ ಮೇಲೆ, 2022ರ 5800ಎಕ್ಸ್3ಡಿಯನ್ನೂ ಒಪ್ಪಿಕೊಂಡವು. ಇಷ್ಟು ದೂರ ನೋಡಿದ ವಿನ್ಯಾಸಕ್ಕೆ ನನ್ನ ಮನಃಪೂರ್ವಕ ಮೆಚ್ಚುಗೆ. ಹಳೆಯ ಆಫೀಸ್ ಯಂತ್ರ ಇನ್ನೂ ಅಗ್ಗವಲ್ಲವೇ ಎನ್ನಬಹುದು. ಅಗ್ಗ ಹೌದು, ಆದರೆ ಅವುಗಳಲ್ಲಿ ಹಲವಕ್ಕೆ ಬೋರ್ಡು, ಪವರ್ ಸಪ್ಲೈ ಎರಡೂ ಕಂಪನಿಯದೇ ಅಳತೆಯವು, ಗ್ರಾಫಿಕ್ಸ್ ಕಾರ್ಡ್ ಸೇರಿಸಹೊರಟಾಗ ದಾರಿ ಮುಚ್ಚುತ್ತದೆ. ಇನ್ನು ನಮ್ಮೂರಿನ ಬೇಸಿಗೆ. ಬಿಸಿಲು 42 ಡಿಗ್ರಿ ದಾಟಿದಾಗ ಫ್ಯಾನ್ ಎಷ್ಟು ತಿರುಗಿದರೂ ಚಿಪ್ ಕೋಣೆಯ ಗಾಳಿಗಿಂತ ತಣ್ಣಗಾಗದು. ಹಾಗಾಗಿ ಬಣ್ಣದ ದೀಪ, ಗಾಜಿನ ಮುಂಬದಿ ಬಿಟ್ಟು, ಜಾಲರಿ ಮುಖದ, ದೂಳಿನ ಫಿಲ್ಟರ್ ಬಿಚ್ಚಿ ತೊಳೆಯಬಹುದಾದ ಕ್ಯಾಬಿನೆಟ್ ಕೊಳ್ಳುವುದೇ ಮೇಲು. ರ‍್ಯಾಮ್? ಮತ್ತೊಂದು ಕಡ್ಡಿಗೆ ಜಾಗವಿದ್ದರೆ ಸದ್ಯಕ್ಕೆ 8 ಜಿಬಿ ಸಾಕು.